ಜಿಲ್ಲೆಗೆ ಆರೆಂಜ್ ಅಲರ್ಟ್, ತೋಟದಲ್ಲಿ ಬಿಸಿಲು: ಮೋಡ ನೋಡಿ ಕೊಳೆಮದ್ದಿನ ದಿನ ಗೊತ್ತುಮಾಡಬಹುದೇ?

ತೋಟಿಗ, ಶಿರಸಿ (ಪ್ರಶ್ನೆ)

ನಮ್ಮ ಅಡಿಕೆ ತೋಟ ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯ ಕಡೆಗಿದೆ. ಕಾಯಿಗೆ ಕೊಳೆರೋಗ ತಗಲದಂತೆ ಎರಡನೆಯ ಸುತ್ತಿನ ಕೊಳೆಮದ್ದು ಹೊಡೆಯಿಸಬೇಕಾಗಿದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುವುದೇ ಅಪರೂಪವಾಗಿರುವಾಗ, ಅವರು ಬರಲು ಒಪ್ಪಿದ ದಿನವೇ ಉತ್ತರ ಕನ್ನಡಕ್ಕೆ ಆರೆಂಜ್ ಅಲರ್ಟ್ ಎಂಬ ಸುದ್ದಿ ಬರುತ್ತದೆ. ಕೆಲಸ ನಿಲ್ಲಿಸಿದರೆ ಅಂದು ಸಂಜೆಯವರೆಗೂ ಹನಿ ಬೀಳುವುದಿಲ್ಲ. ಉಪಗ್ರಹ ಚಿತ್ರವನ್ನು ನಂಬೋಣವೆಂದರೆ, ನಮ್ಮ ಮೇಲೆ ಬೆಳ್ಳಗೆ ಮೋಡ ಕಾಣುವಾಗ ಮಳೆಯಿರುವುದಿಲ್ಲ, ಮಬ್ಬಾಗಿ ಕಾಣುವಾಗ ಜಡಿಮಳೆ ಸುರಿಯುತ್ತಿರುತ್ತದೆ. ಮೋಡದ ಬಗೆಗಳನ್ನು ಗುರುತಿಸಲು ಕಲಿತರೆ ನಾಲ್ಕೈದು ತಾಸಿನ ಹೊಳವನ್ನಾದರೂ, ಅಂದರೆ ಮಳೆಯ ಬಿಡುವನ್ನಾದರೂ, ಮೊದಲೇ ತಿಳಿಯಬಹುದೇ?

ಬಂದರು ರಸ್ತೆ, ಕಾರವಾರ

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆ ಇಡೀ ಜಿಲ್ಲೆಗೆ ಒಂದೇ. ಸಮುದ್ರದ ಅಂಚಿನ ಕಾರವಾರ, ಘಟ್ಟದ ಮೇಲಿನ ಶಿರಸಿ, ಬಯಲುಸೀಮೆಗೆ ತಾಗಿದ ಮುಂಡಗೋಡ, ಇವು ಮೂರೂ ಅದರೊಳಗೆ ಬರುತ್ತವೆ. ಇಲಾಖೆಯ ವಿಭಾಗದ ಲೆಕ್ಕದಲ್ಲಂತೂ ನಿಮ್ಮ ಶಿರಸಿಯೂ ಕರಾವಳಿಯೇ. 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅದಕ್ಕೂ ಮೇಲಿನ ವರ್ಗ. ಈ ದಿನದ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಜಿಲ್ಲೆಯ ಒಂದೆರಡು ಕಡೆ ಅಷ್ಟು ಮಳೆಯಾಗುವ ಸಂಭವವಿದ್ದರೂ ಎಚ್ಚರಿಕೆ ಹೊರಡುತ್ತದೆ. ಆದ್ದರಿಂದ ಅಂದಿನ ಸೂಚನೆ ಸುಳ್ಳಾಯಿತೆಂದು ಹೇಳಲಾಗದು. ಆ ಮಳೆ ಅಂಕೋಲೆಯಲ್ಲೋ ಹೊನ್ನಾವರದಲ್ಲೋ ಸುರಿದಿರಬಹುದು, ಅಥವಾ ನೀವು ಮಲಗಿದ ಮೇಲೆ ನಿಮ್ಮಲ್ಲೇ ಬಂದಿರಬಹುದು.

ಭೂಗೋಳದ ಮೇಷ್ಟರು, ಕುಮಟಾ

ಉಪಗ್ರಹ ಚಿತ್ರದ ಗೊಂದಲಕ್ಕೆ ಕಾರಣವಿದೆ. ಸಾಮಾನ್ಯವಾಗಿ ನಾವು ನೋಡುವ ಅವರೋಹಿತ, ಅಂದರೆ ಇನ್ಫ್ರಾರೆಡ್ ಚಿತ್ರ ತೋರಿಸುವುದು ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದನ್ನು, ಅದರಲ್ಲಿ ಎಷ್ಟು ನೀರಿದೆ ಎಂಬುದನ್ನಲ್ಲ. ಬಹಳ ಎತ್ತರದಲ್ಲಿ ಹಿಮದ ಹರಳುಗಳಿಂದಾದ ತೆಳುವಾದ ಸಿರಸ್ ಮೋಡಗಳು ತೀರ ತಣ್ಣಗಿರುವುದರಿಂದ ಬೆಳ್ಳಗೆ ಮಿನುಗುತ್ತವೆ, ಆದರೆ ಅವುಗಳಿಂದ ನೆಲಕ್ಕೆ ಹನಿ ಮುಟ್ಟುವುದಿಲ್ಲ. ಅದೇ ಆಷಾಢದಲ್ಲಿ ಸಮುದ್ರದ ತೇವವನ್ನು ಹೊತ್ತ ಪಡುವಣ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ಹುಟ್ಟುವ ಮೋಡಗಳ ನೆತ್ತಿ ಅನೇಕ ಸಲ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ. ಬೆಚ್ಚಗಿರುವ ಅವು ಚಿತ್ರದಲ್ಲಿ ಮಂಕಾಗಿ ಕಾಣುತ್ತವೆ, ಮಳೆಯನ್ನು ಮಾತ್ರ ಧಾರಾಳವಾಗಿ ಸುರಿಸುತ್ತವೆ. ಜುಲೈ ಮಳೆಯಲ್ಲಿ ಗುಡುಗು ಕಡಿಮೆಯಿರುವುದಕ್ಕೂ ಮುಖ್ಯವಾಗಿ ಇದೇ ಕಾರಣ.

ಮೋಡಗಳ ಹತ್ತು ಮುಖ್ಯ ಬಗೆಗಳಲ್ಲಿ ಈ ತಿಂಗಳು ನಿಮಗೆ ಬೇಕಾದವು ಮೂರು ನಾಲ್ಕು ಮಾತ್ರ. ಆಕಾಶವೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿ ಸೂರ್ಯನ ಗುರುತೂ ಸಿಗದಿದ್ದರೆ ಅದು ನಿಂಬೋಸ್ಟ್ರೇಟಸ್. ಅಂದು ಮದ್ದಿನ ಮಾತೇ ಬೇಡ. ಬುಡ ಮೇಲಕ್ಕೆ ಸರಿದು, ಮೋಡ ಬಿಡಿಬಿಡಿಯಾದ ರಾಶಿಗಳಾಗಿ ಒಡೆದು, ನಡುವೆ ನೀಲಿ ಕಂಡು, ಆ ರಾಶಿಗಳು ಅಗಲಕ್ಕಿಂತ ಎತ್ತರಕ್ಕೆ ಬೆಳೆಯದೆ ಉಳಿದರೆ ಹೊಳವಿನ ಆಸೆ ಇಟ್ಟುಕೊಳ್ಳಬಹುದು. ಕೆಳಗಿನ ಮೋಡ ಪಡುವಣದಿಂದ ಓಡಿಬರುತ್ತಿರುವಾಗಲೇ ಎತ್ತರದ ಸಿರಸ್ ಮೂಡಣದಿಂದ ತೇಲುವುದನ್ನು ಕಂಡರೆ ಗಾಬರಿಯಾಗಬೇಡಿ: ಮಳೆಗಾಲದಲ್ಲಿ ಸುಮಾರು 14–16 ಕಿ.ಮೀ. ಎತ್ತರದಲ್ಲಿ ಗಾಳಿ ಬೀಸುವುದೇ ಪೂರ್ವದಿಂದ. ನಿಮ್ಮ ಹೊಳವನ್ನು ತೀರ್ಮಾನಿಸುವುದು ಕೆಳಗಿನ ಮೋಡ.

ತೋಟಿಗ, ಶಿರಸಿ

ಮೇಷ್ಟರೇ, ಇದೇ ಲಕ್ಷಣಗಳನ್ನು ಅಡಿಕೆ ಒಣಗಿಸುವ ಕಾಲಕ್ಕೂ ಹಿಡಿಯಬಹುದೇ?

ಭೂಗೋಳದ ಮೇಷ್ಟರು, ಕುಮಟಾ

ಎಲ್ಲ ಕಾಲಕ್ಕೂ ಅಲ್ಲ. ಅಕ್ಟೋಬರಿನಲ್ಲಿ, ಹಾಗೆಯೇ ಏಪ್ರಿಲ್–ಮೇ ತಿಂಗಳುಗಳಲ್ಲಿ, ಬೆಳಿಗ್ಗೆಯ ನಿರ್ಮಲ ಆಕಾಶ ಭರವಸೆಯಲ್ಲ. ಹತ್ತಿಯುಂಡೆಯಂತಿದ್ದ ಕ್ಯುಮುಲಸ್ ಮಧ್ಯಾಹ್ನದ ಕಾವಿಗೆ ಹೂಕೋಸಿನಂತೆ ಮೇಲೇರಿ, ನೆತ್ತಿ ಚಪ್ಪಟೆಯಾಗಿ ಹರಡಿದರೆ ಅದು ಕ್ಯುಮುಲೋನಿಂಬಸ್. ಅದು ಸಿಡಿಲಿನ ಮೋಡ. ಗುಡುಗು ಕೇಳಿಸಿದೊಡನೆ ಅಂಗಳದ ಅಡಿಕೆಯ ಆಸೆ ಬಿಟ್ಟು ಒಳಗೆ ಹೋಗಬೇಕು.

ಸಿದ್ದಾಪುರದ ಕೃಷಿಕ

ಮೇಷ್ಟರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಕಣ್ಣಿಗೆ ಕಾಣುವ ಮೋಡ ಒಂದೆರಡು ತಾಸಿಗಷ್ಟೇ ಸಾಕ್ಷಿ. ನಾಲ್ಕೈದು ತಾಸು ಬೇಕಾದವರು ಇಲಾಖೆಯ ಮೂರು ತಾಸಿನ ತತ್‌ಕ್ಷಣದ ಮುನ್ಸೂಚನೆಯನ್ನೂ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಗಳನ್ನೂ ಜೊತೆಗಿಟ್ಟು ನೋಡಬೇಕು. ಗಾಳಿ ಪಡುವಣದ್ದಾಗಿರುವಾಗ ಕರಾವಳಿಯ ತಾಲ್ಲೂಕುಗಳ ಮಾಪಕಗಳು ಬೆಳಗಿನಿಂದ ಸುಮ್ಮನಿದ್ದರೆ ಅದು ನಮಗೆ ಒಳ್ಳೆಯ ಸೂಚನೆ. ಗೋವಾದ ರೇಡಾರನ್ನು ನೋಡುವವರು, ದೂರ ಹೆಚ್ಚಿದಂತೆ ಅದರ ಕಿರಣ ನೆಲದಿಂದ ಮೇಲಕ್ಕೆ ಹೋಗುವುದರಿಂದ ನಮ್ಮ ತಗ್ಗಿನ ಮೋಡಗಳು ತಪ್ಪಿಹೋಗಬಹುದೆಂಬುದನ್ನು ನೆನಪಿಡಬೇಕು.

ಇನ್ನೊಂದು ಅನುಕೂಲವಿದೆ. ಕೊಳೆಮದ್ದೆಂದರೆ ಬೋರ್ಡೋ ದ್ರಾವಣ; ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಬೇಕಷ್ಟೆ. ಎರಡನ್ನೂ ಬೆರೆಸಿದ ಮೇಲೆ ಅಂದೇ ಹೊಡೆಯಬೇಕು, ಮರುದಿನಕ್ಕೆ ಉಳಿಸುವಂತಿಲ್ಲ. ಆದ್ದರಿಂದ ಹಿಂದಿನ ಸಂಜೆ ಬೇರೆಬೇರೆಯಾಗಿ ಕರಗಿಸಿಟ್ಟುಕೊಂಡು, ಬೆಳಿಗ್ಗೆ ಪಡುವಣದ ಆಕಾಶವನ್ನು ನೋಡಿದ ಮೇಲೆಯೇ ಬೆರೆಸಿ. ಮಳೆ ಹಿಡಿದರೆ ಕೊನೆಗೌಡರ ಒಂದು ದಿನ ಹೋಗಬಹುದು, ಮದ್ದು ಹಾಳಾಗುವುದಿಲ್ಲ.