ಜಯಕ್ಕನ ಕ್ಯಾಂಟೀನಿನ ಅರಣ್ಯ ಭವನ

ಹಾಸನ ಜಿಲ್ಲೆಯ ಅರೇಹಳ್ಳಿ ಕಡೆ ಅರಣ್ಯ ಇಲಾಖೆಯನ್ನು ಸುಧಾರಿಸುವ ಕೆಲಸ ದಿನಾ ಸಂಜೆ ನಾಲ್ಕೂವರೆಗೆ ಶುರುವಾಗುತ್ತದೆ. ಬೆಂಗಳೂರಿನ ಅರಣ್ಯ ಭವನದಲ್ಲಿ ಕೂತವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ. ಜಯಕ್ಕನ ಕ್ಯಾಂಟೀನಿನಲ್ಲಿ ಮೊದಲ ಬಾಣಲೆ ಬೋಂಡ ಇಳಿಯುವ ಹೊತ್ತಿಗೆ ನಾವು ನಾಲ್ಕು ಜನ ಹಾಜರು. ಬೋಂಡ ಮುಗಿಯುವಷ್ಟರಲ್ಲಿ ಇಲಾಖೆ ಅರ್ಧ ಸರಿಹೋಗಿರುತ್ತದೆ. ಉಳಿದ ಅರ್ಧಕ್ಕೆ ಇನ್ನೊಂದು ಸುತ್ತು ಕಾಫಿ ಬೇಕು.

ನಾಲ್ಕು ಜನರಲ್ಲಿ ಮೊದಲನೆಯವರು ಗೌಡ್ರು. ರೋಬಸ್ಟಾ ಕಾಫಿ ಬೆಳೆಗಾರರು. ತೋಟ ಎಷ್ಟು ಅಂತ ಕೇಳಿದರೆ 15 ಎಕರೆ ಎನ್ನುತ್ತಾರೆ. ಪಹಣಿಯಲ್ಲಿ 13 ಇದೆ. ನಡುವಿನ ಎರಡು ಎಕರೆ ಬಗ್ಗೆ ಸ್ನೇಹಿತರಾದವರು ಕೇಳಬಾರದು. ಎರಡನೆಯವನು ರಾಜಣ್ಣ, ಫಾರೆಸ್ಟರ್ ಆಗಿ ನಿವೃತ್ತಿಯಾದವನು. ಇಲಾಖೆಯನ್ನು ಬೈಯುವ ಹಕ್ಕು ತನಗೊಬ್ಬನಿಗೇ ಇದೆ ಎಂದು ನಂಬಿದ್ದಾನೆ. ಬೇರೆಯವರು ಬೈದರೆ ಮುಖ ಕೆಂಪಾಗುತ್ತದೆ. ಮೂರನೆಯವನು ಸುರೇಶ, ಹೋಂಸ್ಟೇ ಇಟ್ಟಿದ್ದಾನೆ. ಅವನಿಗೆ ಆನೆ ಬೇಕು, ಆದರೆ ಗೆಸ್ಟ್‌ಗಳು ಖಾಲಿ ಮಾಡುವವರೆಗೆ ಅದು ಗೇಟಿನಾಚೆ ನಿಂತಿರಬೇಕು. ನಾಲ್ಕನೆಯವನು ನಾನು, ಹೈಸ್ಕೂಲ್ ಮೇಷ್ಟ್ರು. ನನಗೆ ತೋಟ ಇಲ್ಲ, ಹೋಂಸ್ಟೇ ಇಲ್ಲ. ಆದ್ದರಿಂದ ನನ್ನ ಸಲಹೆಗಳು ಎಲ್ಲರಿಗಿಂತ ಜಾಸ್ತಿ.

ಕ್ಯಾಂಟೀನಿನಲ್ಲಿ ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ ಒಂದಿದೆ. ಅದರಲ್ಲಿ ಕೂತವರೇ ಅವತ್ತಿನ ಪಿಸಿಸಿಎಫ್. ಅಂದರೆ ಇಡೀ ಇಲಾಖೆಯ ದೊಡ್ಡ ಸಾಹೇಬರು. ಆ ದಿನ ಗೌಡ್ರು ಬಂದವರೇ ಅದರಲ್ಲಿ ಕೂತರು. ಹಿಂದಿನ ರಾತ್ರಿ ಅವರ ತೋಟಕ್ಕೆ ಆನೆ ಬಂದಿತ್ತು.

“ನನ್ನ ಮೊದಲ ಆದೇಶ,” ಎಂದರು ಗೌಡ್ರು. “ಹಾಸನ ಜಿಲ್ಲೆಯ ಎಲ್ಲಾ ಆನೆಗಳನ್ನೂ ಹಿಡಿದು ಕಾಡಿಗೆ ಬಿಡಬೇಕು.”

“ಯಾವ ಕಾಡಿಗೆ ಸಾರ್?” ರಾಜಣ್ಣ ಎದ್ದು ನಿಂತೇ ಕೇಳಿದ. ಕುರ್ಚಿಗೆ ಅವನು ಕೊಡುವ ಮರ್ಯಾದೆ ದೊಡ್ಡದು.

“ಅದನ್ನು ಇಲಾಖೆ ಹುಡುಕಬೇಕು.”

“ಈಗ ನೀವೇ ಇಲಾಖೆ.”

ಗೌಡ್ರು ಬೋಂಡ ಮುರಿದರು. ರಾಜಣ್ಣ ಬಿಡಲಿಲ್ಲ. 2014ರಲ್ಲಿ ಆಲೂರು, ಸಕಲೇಶಪುರ ಕಡೆಯಿಂದ 22 ಆನೆ ಹಿಡಿದು ಸಾಗಿಸಿದ್ದನ್ನು ಜ್ಞಾಪಿಸಿದ. ಲಾರಿ, ಕ್ರೇನು, ಸಾಕಾನೆ, ಡಾಕ್ಟರು, ರಸ್ತೆ ತುಂಬ ಜನ. ಎಲ್ಲಾ ಮುಗಿದು ಊರು ಉಸಿರು ಬಿಡುವಷ್ಟರಲ್ಲಿ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ನೀರಿದೆ, ನೆರಳಿದೆ, ಬೈನೆ ಇದೆ, ಹಲಸು ಇದೆ. ಬರದೆ ಏನು ಮಾಡುತ್ತವೆ?

“ಅದಕ್ಕೂ ಮೊದಲು ಹೈಕೋರ್ಟ್ ಹೇಳಿ ಒಂದು ಕಾರ್ಯಪಡೆ ಆಗಿತ್ತು,” ಎಂದೆ ನಾನು. ಮೇಷ್ಟ್ರ ಚಟ, ವರದಿ ಎಂದರೆ ಬಾಯಲ್ಲಿ ನೀರು. “ಆನೆ ತಜ್ಞ ಪ್ರೊಫೆಸರ್ ಸುಕುಮಾರ್ ಅಧ್ಯಕ್ಷರು. 2012ರಲ್ಲಿ ವರದಿ ಕೊಟ್ಟರು. ಮೂರು ವಲಯ ಮಾಡಿದರು. ಒಂದು ಕಡೆ ಆನೆಗೇ ಮೊದಲ ಜಾಗ. ಇನ್ನೊಂದು ಕಡೆ ಆನೆ, ಜನ ಇಬ್ಬರೂ ಹೊಂದಿಕೊಂಡಿರಬೇಕು. ಮೂರನೆಯದು ಆನೆಯನ್ನು ತೆಗೆಯಬೇಕಾದ ವಲಯ. ಆಲೂರು ಕಡೆಯದು ಈ ಮೂರನೆಯದಕ್ಕೆ ಸೇರಿತ್ತು.”

ಒಲೆ ಹತ್ತಿರದಿಂದ ಜಯಕ್ಕ ಕೇಳಿದರು. “ಆನೆಗೆ ತಿಳಿಸಿದ್ದಾರಾ?”

ಸುರೇಶ ಮೊಬೈಲ್ ತೆಗೆದು ಅಂಕಿ ಅಂಶಕ್ಕೆ ಇಳಿದ. 2023ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 6,395 ಆನೆ, ದೇಶಕ್ಕೇ ಮೊದಲ ಸ್ಥಾನ. 2025ರಲ್ಲಿ ಬಂದ ಇನ್ನೊಂದು ಲೆಕ್ಕದಲ್ಲಿ 6,013. ಈಗಲೂ ಮೊದಲ ಸ್ಥಾನವೇ. “ಮಧ್ಯೆ 382 ಆನೆ ಎಲ್ಲಿ ಹೋದವು?” ಎಂದು ಅನುಮಾನದಿಂದ ಗೌಡ್ರ ಮುಖ ನೋಡಿದ.

“ನನ್ನ ತೋಟದಲ್ಲಿವೆ,” ಎಂದರು ಗೌಡ್ರು.

ರಾಜಣ್ಣ ವಿವರಿಸಿದ. ಆನೆ ಎಲ್ಲೂ ಹೋಗಿಲ್ಲ, ಎಣಿಸುವ ಕ್ರಮ ಬೇರೆ. ಎರಡನೆಯ ಲೆಕ್ಕ ಲದ್ದಿಯಲ್ಲಿ ಸಿಗುವ ಡಿಎನ್‌ಎ ಹಿಡಿದು ಮಾಡಿದ್ದು. ಹಳೆಯದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಕಳೆಯುವ ಹಾಗಿಲ್ಲ. ಗೌಡ್ರಿಗೆ ಕಳೆಯುವ ಲೆಕ್ಕದಲ್ಲಿ ಆಸಕ್ತಿ ಇರಲಿಲ್ಲ. “ಲದ್ದಿ ಬೇಕಿದ್ದರೆ ನಮ್ಮಲ್ಲಿಗೇ ಬರಬಹುದಿತ್ತಲ್ಲ. ಟ್ರ್ಯಾಕ್ಟರ್ ಲೋಡು ಮಾಡಿ ಕಳಿಸುತ್ತಿದ್ದೆ,” ಎಂದು ಬೇಜಾರು ಮಾಡಿಕೊಂಡರು.

ಇಲ್ಲಿಗೆ ಗೌಡ್ರ ಆಡಳಿತ ಮುಗಿಯಿತು. ಸುರೇಶ ಕುರ್ಚಿ ಹಿಡಿದ. ಅವನ ಸುಧಾರಣೆ ಸಣ್ಣದು. ಎಲ್ಲಾ ಬೆಟ್ಟಕ್ಕೂ ಟಿಕೆಟ್ ಇಡಬೇಕು, ಟಿಕೆಟ್ಟನ್ನು ಹೋಂಸ್ಟೇಯವರೇ ಮಾರಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿ, ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣವನ್ನೇ ಸರ್ಕಾರ ನಿಲ್ಲಿಸಿದ ಕಥೆ ಅವನಿಗೆ ಇನ್ನೂ ನೋವು. ಆ ವಾರ ಅವನ ಹೋಂಸ್ಟೇ ಬುಕ್ ಮಾಡಿದ್ದವರು ದುಡ್ಡು ವಾಪಸ್ ಕೇಳಿದ್ದರಂತೆ.

“ನಾನು ಕೆಲಸಕ್ಕೆ ಸೇರಿದಾಗ ಮರ ಎಣಿಸುತ್ತಿದ್ದೆವು,” ಎಂದ ರಾಜಣ್ಣ. “ಎಷ್ಟು ಬೀಟೆ, ಎಷ್ಟು ತೇಗ, ಡಿಪೋದಲ್ಲಿ ಎಷ್ಟಕ್ಕೆ ಹೋಯಿತು. 1988ರಲ್ಲಿ ರಾಷ್ಟ್ರೀಯ ಅರಣ್ಯ ನೀತಿ ಬಂದು, ಆದಾಯ ಆಮೇಲೆ, ಕಾಡು ಮೊದಲು ಎಂದಿತು. ಒಳ್ಳೆಯದಾಯಿತು ಅಂದುಕೊಂಡೆವು. ಈಗ ಟಿಕೆಟ್ ಎಣಿಸುತ್ತಿದ್ದೇವೆ.”

ಸುರೇಶ ತಾನಾಗಿಯೇ ಕುರ್ಚಿ ಬಿಟ್ಟ.

ನನ್ನ ಸರದಿ ಬಂತು. ನನ್ನ ಸುಧಾರಣೆಗೆ ಸಿದ್ಧತೆ ಇತ್ತು. ಪ್ರತಿ ಜುಲೈ ವನಮಹೋತ್ಸವಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವವನು ನಾನೇ. ಫೋಟೋದ ಮಧ್ಯೆ ಗಣ್ಯರು, ಗಣ್ಯರ ಮಧ್ಯೆ ಒಂದು ಸಸಿ. ನಮ್ಮ ಶಾಲೆಯ ಹಿಂದೆ ಒಂದು ಗುಂಡಿ ಇದೆ. ಎಷ್ಟು ಗಣ್ಯರನ್ನು ನೋಡಿದೆ ಎಂದರೆ ಸೇವಾ ಹಿರಿತನದ ಮೇಲೆ ಅದಕ್ಕೆ ಬಡ್ತಿ ಸಿಗಬೇಕು. ನೆಟ್ಟ ಸಸಿಯ ಲೆಕ್ಕ ಅಂದೇ ಸಂಜೆ ಮೇಲಕ್ಕೆ ಹೋಗುತ್ತದೆ. ಉಳಿದ ಗಿಡದ ಲೆಕ್ಕ ಕೇಳಿ ಯಾರೂ ಫೋನ್ ಮಾಡಿದ್ದಿಲ್ಲ.

“ಆದ್ದರಿಂದ ಜುಲೈ ತಿಂಗಳಲ್ಲಿ ಎಣಿಸುವುದನ್ನು ನಿಷೇಧಿಸುತ್ತೇನೆ,” ಎಂದೆ. “ಮೂರನೇ ವರ್ಷದ ಮೇ ತಿಂಗಳಲ್ಲಿ ಬಂದು ಎಣಿಸಿ. ಬಿಸಿಲಲ್ಲಿ ನಿಂತಿರುವುದು ಎಷ್ಟೋ ಅಷ್ಟಕ್ಕೇ ಬಿಲ್. ಅಕೇಶಿಯಾ ನೆಟ್ಟು ಕಾಡು ಎಂದು ತೋರಿಸಿದವರಿಗೆ ಒಂದು ವಾರ ಅಕೇಶಿಯಾ ಸೊಪ್ಪಿನ ಪಲ್ಯ.”

ಇದಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು. ಗೌಡ್ರು ಜಾಸ್ತಿಯೇ ಹೊಡೆದರು. ಅಕೇಶಿಯಾ ಬೇಗ ಬೆಳೆಯುತ್ತದೆ, ದನ ಬಾಯಿ ಹಾಕುವುದಿಲ್ಲ. ನೆಡುವವರಿಗೆ ಅದು ಅನುಕೂಲ. ದನಕ್ಕೆ, ಕಡವೆಗೆ, ಆನೆಗೆ ಅದೇ ತೊಂದರೆ. ಗೋಮಾಳ, ಸೊಪ್ಪಿನ ಬೆಟ್ಟ, ಹುಲ್ಲುಗಾವಲು ಎನ್ನದೆ ನೆಟ್ಟರು. ಮೇಯುವ ಜಾಗದಲ್ಲೆಲ್ಲಾ ಮೇಯಲಾಗದ ಮರ. ದೂರದಿಂದ ನೋಡಿದರೆ ಹಸಿರು, ಒಳಗೆ ಹೋದರೆ ಒಂದು ಹಕ್ಕಿಯ ಸದ್ದೂ ಕಡಿಮೆ. ಕಾಡಿನ ಅಂಚಿನಲ್ಲಿ ಲಂಟಾನ ಕಳೆ ಬೇರೆ ಹಬ್ಬಿದೆ. ಹುಲ್ಲು ಏಳುವುದಿಲ್ಲ, ಬಿದಿರು ಹೂ ಬಿಟ್ಟು ಒಣಗಿದ ಕಡೆ ಮತ್ತೆ ಬಿದಿರು ಮೇಲೆ ಬರುವುದೂ ಕಷ್ಟ. ಆನೆ ತೋಟಕ್ಕೆ ಯಾಕೆ ಬರುತ್ತದೆ ಎಂಬುದಕ್ಕೆ ಪೂರ್ತಿ ಉತ್ತರ ಇದಲ್ಲ. ತೋಟದ ಊಟದ ರುಚಿ ಅದಕ್ಕೆ ಹತ್ತಿರುವುದೂ ನಿಜ. ಆದರೆ ಮನೆಯಲ್ಲಿ ಒಲೆ ಆರಿಸಿಟ್ಟು ಮಕ್ಕಳು ಹೋಟೆಲಿಗೆ ಹೋದವು ಎಂದು ಗೊಣಗಿದ ಹಾಗಾಯಿತು ನಮ್ಮ ಕಥೆ.

ರಾಜಣ್ಣ ಇಷ್ಟೂ ಹೊತ್ತು ಕುರ್ಚಿ ಕೇಳಿರಲಿಲ್ಲ. ನಾವೇ ಬಲವಂತ ಮಾಡಿದೆವು. ಅವನು ಕೂರಲಿಲ್ಲ, ಕುರ್ಚಿಯ ಹಿಂದೆ ನಿಂತು ಮಾತಾಡಿದ.

“ಆನೆಗೆ ಗಡಿ ಇಲ್ಲ, ನಮಗೆ ಇದೆ. ಭದ್ರಾ ಅಭಯಾರಣ್ಯದ ಒಳಗಿದ್ದರೆ ಅದು ವನ್ಯಜೀವಿ ವಿಭಾಗದ ಆನೆ. ಹೊರಗೆ ಕಾಲಿಟ್ಟರೆ ಪ್ರಾದೇಶಿಕ ವಿಭಾಗದ್ದು. ಹಾಸನ ದಾಟಿದರೆ ಚಿಕ್ಕಮಗಳೂರಿನದು. ಬೀಟಮ್ಮ ಅನ್ನೋ ಹೆಣ್ಣಾನೆಯ ಗುಂಪು ಆ ಕಡೆ ಹೋದಾಗ ಈ ಕಡೆಯವರು ನಿದ್ದೆ ಮಾಡಿದರು, ಆ ಕಡೆಯವರು ಎದ್ದು ಕೂತರು. ರಾತ್ರಿಯೆಲ್ಲಾ ಪಟಾಕಿ ಹೊಡೆದು ಪಕ್ಕದ ವಲಯಕ್ಕೆ ದಾಟಿಸಿದರೆ ನಮ್ಮ ಕೆಲಸ ಮುಗಿಯಿತು. ಮಾರನೇ ರಾತ್ರಿ ಅವರ ಪಟಾಕಿ.”

“ಅದಕ್ಕೆ ಏನು ಮಾಡಬೇಕು?”

“ಗುಂಪಿಗೆ ಒಬ್ಬ ಅಧಿಕಾರಿ ಇರಲಿ. ಗುಂಪು ಹೋದ ಕಡೆ ಅವನ ಜೀಪು, ಅವನ ದುಡ್ಡು, ಅವನ ಹುಡುಗರು ಹೋಗಲಿ. ಆನೆ ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಎಲ್ಲಿದೆ ಅಂತ ಗೊತ್ತಾಗುತ್ತದೆ. 2022ರ ಕೊನೆಗೆ ಆನೆ ಕಾರ್ಯಪಡೆಯೂ ಬಂತು. ಹುಡುಗರು ಹಗಲು ರಾತ್ರಿ ಓಡಾಡುತ್ತಾರೆ. ಆದರೆ ಇಡೀ ಇಲಾಖೆಯೇ ಆನೆ ಓಡಿಸುವ ಇಲಾಖೆ ಆಗಿಬಿಟ್ಟರೆ ಕಾಡು ನೋಡುವವರು ಯಾರು? ಕೆರೆ ಹೂಳು, ಲಂಟಾನ, ಬೆಂಕಿ ರೇಖೆ, ಇವನ್ನೆಲ್ಲಾ ಆನೆ ಬಂದು ಮಾಡುತ್ತದಾ?”

ನಡುವೆ ಸುರೇಶ ಅರ್ಜುನನ ಹೆಸರು ಎತ್ತಿದ. ಎತ್ತಬಾರದಿತ್ತು. ಮೈಸೂರು ದಸರಾದಲ್ಲಿ 8 ಸಲ ಅಂಬಾರಿ ಹೊತ್ತ ಆನೆ. ವಯಸ್ಸು 60 ದಾಟಿತು, ಇನ್ನು ಭಾರ ಹೊರಿಸಬಾರದು ಎಂದು ಅಂಬಾರಿ ಇಳಿಸಿದರು. ಅಂಬಾರಿ ಹೊರಲಾಗದ ಆನೆಯನ್ನು ಮದವೇರಿದ ಕಾಡಾನೆ ಹಿಡಿಯಲು ಕಳಿಸಿದರು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತುಹೋಯಿತು. ರಾಜಣ್ಣ ಟವೆಲ್ ಸರಿಮಾಡಿಕೊಂಡ. “ಇದಕ್ಕೆ ನಿಯಮ ಬೇಕಿತ್ತೇನ್ರೀ?” ಎಂದಷ್ಟೇ ಹೇಳಿದ. ಜಯಕ್ಕ ಕೇಳದೆಯೇ ಕಾಫಿ ತಂದಿಟ್ಟರು.

ಕಾಫಿ ಕುಡಿದ ಮೇಲೆ ರಾಜಣ್ಣನ ಧ್ವನಿ ಸ್ವಲ್ಪ ಮೇಲೆ ಬಂತು. ಇಲಾಖೆಯ ಬಗ್ಗೆ ಹೆಮ್ಮೆಯ ಕಥೆಯೂ ಅವನ ಹತ್ತಿರ ಇದೆ. ಭದ್ರಾ ಒಳಗಿದ್ದ ಹಳ್ಳಿಗಳನ್ನು 2001, 2002ರಲ್ಲಿ ಹೊರಗೆ ತಂದ ಕಥೆ. 400ಕ್ಕೂ ಹೆಚ್ಚು ಕುಟುಂಬ. 1974ರಲ್ಲಿ ಅಭಯಾರಣ್ಯ ಆದಾಗಿನಿಂದ ಮಾತು ನಡೆದೇ ಇತ್ತು, ಕೆಲಸ ಆಗಿರಲಿಲ್ಲ. ಕೊನೆಗೆ ತರೀಕೆರೆ ಹತ್ತಿರದ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ಕೊಟ್ಟರು. ಜಿಲ್ಲಾಡಳಿತ, ಇಲಾಖೆ, ಸಂಘದವರು, ಹಳ್ಳಿಯವರು ಒಂದೇ ಕಡೆ ಕೂತು ಮಾತಾಡಿದರು. ದೇಶದ ಬೇರೆ ಕಡೆಯವರು ಇವತ್ತಿಗೂ ಅದರ ಉದಾಹರಣೆ ಕೊಡುತ್ತಾರೆ.

“ಅಂದರೆ ಕೇಳಿ ಮಾಡಿದರೆ ಆಗುತ್ತದೆ,” ಎಂದ. “ಗ್ರಾಮ ಅರಣ್ಯ ಸಮಿತಿ ಅಂತ 1993ರಿಂದ ಇದೆ. ಎಷ್ಟೋ ಕಡೆ ಬೋರ್ಡು ಇದೆ, ಸಮಿತಿ ಇಲ್ಲ. ಊರಿನ ಸುತ್ತಲ ಕಾಡಿಗೆ ಬರುವ ದುಡ್ಡು ಎಷ್ಟು, ಯಾವುದಕ್ಕೆ ಖರ್ಚಾಯಿತು ಅಂತ ಪಂಚಾಯಿತಿ ಕಟ್ಟೆ ಮೇಲೆ ಓದಿ ಹೇಳಲಿ. ವಾಚರ್ ಹುಡುಗನಿಗೆ ಸಂಬಳ ತಿಂಗಳಿಗೆ ಸರಿಯಾಗಿ ಬರಲಿ. ಕಾಡು ಗೊತ್ತಿರುವವನು ಅವನೊಬ್ಬನೇ. ಅವನ ಹೆಸರು ಮಾತ್ರ ಯಾವ ಫೈಲಿನಲ್ಲೂ ಇರುವುದಿಲ್ಲ.”

ನನಗೆ ಇದಕ್ಕಿಂತ ಒಳ್ಳೆ ಸುಧಾರಣೆ ತೋಚಲಿಲ್ಲ. ಸುಮ್ನೆ ಒಪ್ಪಿಕೊಳ್ಳುವುದು ಮೇಷ್ಟ್ರಿಗೆ ಶೋಭೆಯಲ್ಲ ಎಂದು ತಲೆ ಮಾತ್ರ ಆಡಿಸಿದೆ.

“ನನ್ನದೂ ಒಂದಿದೆ,” ಎಂದು ಜಯಕ್ಕ ಜಾಲರಿ ಸೌಟು ಹಿಡಿದೇ ಬಂದರು. “ಬೆಳಗ್ಗೆ ಎದ್ದರೆ ನಿಮ್ಮ ಗ್ರೂಪಿನಲ್ಲಿ ಮೆಸೇಜು. ಕಾಡಾನೆ ಭೀಮ ಇಂಥ ಎಸ್ಟೇಟಿನಲ್ಲಿ ಇದ್ದಾನೆ, ಹುಷಾರು ಅಂತ. ಓದುವವರು ಯಾರು? ಮನೆಯೊಳಗೆ ಇರುವ ನೀವು. ಕಾಫಿ ಕೊಯ್ಯಲು ನಡೆದು ಹೋಗುವ ಹೆಂಗಸರ ಹತ್ತಿರ ಇರುವುದು ಬಟನ್ ಫೋನು. ಅದರಲ್ಲಿ ಕರೆನ್ಸಿ ಇರುವುದಿಲ್ಲ. ಆನೆ ಸಿಗುವುದು ಅವರಿಗೆ.”

“ಎಸ್ಸೆಮ್ಮೆಸ್ಸೂ ಬರುತ್ತದೆ ಜಯಕ್ಕಾ, ಎಚ್ಚರಿಕೆಯ ಬೋರ್ಡ್ ಲೈಟೂ ಇದೆ,” ಎಂದ ಸುರೇಶ.

“ಇದೆ. ಓದು ಬರಬೇಕಲ್ಲ? ಸತ್ತವರ ಮನೆಗೆ ಕೊಡುವ ಪರಿಹಾರ ಏಳೂವರೆ ಲಕ್ಷದಿಂದ 15 ಲಕ್ಷ ಮಾಡಿದರು. ಮಾಡಲಿ, ಬೇಡ ಎನ್ನುವುದಿಲ್ಲ. ಬದುಕಿರುವಾಗ ಬೆಳಗ್ಗೆ ಒಂದು ಜೀಪು ಬಿಟ್ಟರೆ ಆ ದುಡ್ಡು ಉಳಿಯುತ್ತದೆ. ಇಲಾಖೆ ಬಿಡದಿದ್ದರೆ ತೋಟದವರು ಬಿಡಿ. ಗೌಡ್ರೇ, ನಿಮ್ಮ ಜೀಪು ಬೆಳಗ್ಗೆ ಎಂಟಕ್ಕೆ ಎಲ್ಲಿರುತ್ತದೆ?”

ಗೌಡ್ರ ಜೀಪು ಬೆಳಗ್ಗೆ ಎಂಟಕ್ಕೆ ಗೌಡ್ರ ಜೊತೆಗೇ ಮಲಗಿರುತ್ತದೆ ಎಂಬುದು ಊರಿಗೇ ಗೊತ್ತು. ಅವರು ತಕ್ಷಣ ಸೋಲಾರ್ ಬೇಲಿಯ ಮಾತು ತೆಗೆದರು. ರಾಜಣ್ಣ ಅದನ್ನೂ ಬಿಡಲಿಲ್ಲ. ಪ್ರತಿಯೊಬ್ಬರೂ ತಮ್ಮ ತೋಟಕ್ಕೆ ಬೇಲಿ ಹಾಕಿದರೆ ಆನೆಗೆ ಉಳಿಯುವುದು ಟಾರ್ ರಸ್ತೆ. ರಸ್ತೆಯಲ್ಲಿ ಇರುವವರು ಆ ಹೆಂಗಸರು, ನನ್ನ ಶಾಲೆಯ ಮಕ್ಕಳು. ಬೇಲಿ ಎಲ್ಲಿ ಬೇಕು, ದಾರಿ ಎಲ್ಲಿ ಬಿಡಬೇಕು ಎಂದು ಹತ್ತು ತೋಟದವರು ಕೂತು ತೀರ್ಮಾನಿಸಬೇಕು. ಹತ್ತು ತೋಟದವರು ಕೊನೆಯ ಸಲ ಒಟ್ಟಿಗೆ ಕೂತದ್ದು ಒಂದು ಮದುವೆ ಊಟಕ್ಕೆ. ಅಲ್ಲೂ ಎರಡು ಪಂಕ್ತಿ ಆಗಿತ್ತು.

ಮಾತು ಇಷ್ಟು ಬೆಳೆದ ಮೇಲೆ ಅರ್ಜಿ ಬರೆಯಲೇಬೇಕು ಎಂದಾಯಿತು. ಎಲ್ಲರಿಗಿಂತ ಮೊದಲು ಹೂಂ ಎಂದವರು ಗೌಡ್ರೇ. ಮೇಜು ಗುದ್ದಿ, “ಇವತ್ತೇ ಬರೆಯಿರಿ ಮೇಷ್ಟ್ರೇ, ಮೊದಲ ಸಹಿ ನಂದು,” ಎಂದರು. ನಾನು ನೋಟ್‌ಬುಕ್ ತೆಗೆದೆ. ಯಾರಿಗೆ ಬರೆಯುವುದು? ರಾಜಣ್ಣ ಹೇಳುತ್ತಾ ಹೋದ. ಹಾಸನದ ಅರಣ್ಯಾಧಿಕಾರಿ ಡಿಸಿಎಫ್, ಚಿಕ್ಕಮಗಳೂರಿನ ಡಿಸಿಎಫ್, ಭದ್ರಾದವರು, ಸಾಮಾಜಿಕ ಅರಣ್ಯದವರು, ಇವರ ಮೇಲಿನ ಸಿಸಿಎಫ್, ಮೇಲೆ ವನ್ಯಜೀವಿ ಪಿಸಿಸಿಎಫ್, ಅವರ ಮೇಲೆ ಇನ್ನೊಬ್ಬರು, ಪ್ರತಿ ಜಿಲ್ಲಾಧಿಕಾರಿಗೆ, ಪ್ರತಿ ಶಾಸಕರಿಗೆ. ವಿಳಾಸಕ್ಕೇ ಒಂದು ಪುಟ ತುಂಬಿತು. ಸುರೇಶ ತನ್ನ ಹೋಂಸ್ಟೇ ಹೆಸರು ಅರ್ಜಿಯಲ್ಲಿ ಬರಬಾರದು, ಮುಲಾಮಿನ ಹಾಗೆ ನಯವಾಗಿ ಬರೆಯಿರಿ ಎಂದ.

“ಕೆಳಗೆ ಎಲ್ಲರ ಹೆಸರು, ಊರು, ಸರ್ವೆ ನಂಬರು,” ಎಂದ ರಾಜಣ್ಣ.

ಗೌಡ್ರ ಕೈ ಬೋಂಡದ ಮೇಲೆಯೇ ನಿಂತಿತು. “ಸರ್ವೆ ನಂಬರು ಯಾಕೆ?”

“ಬೆಳೆ ಹಾನಿ ಎಲ್ಲಿ, ಬೇಲಿ ಎಲ್ಲಿ ಅಂತ ಬಂದು ನೋಡಬೇಕಲ್ಲ. ಚೈನ್ ಹಿಡಿದು ಅಳೆಯುತ್ತಾರೆ. ಕಾಡಿನ ಗಡಿ ಕಲ್ಲಿನಿಂದ ಶುರು ಮಾಡುತ್ತಾರೆ.”

ಗೌಡ್ರು ಬೋಂಡ ತಟ್ಟೆಗೆ ವಾಪಸ್ ಇಟ್ಟರು. ನನ್ನ ನೋಟ್‌ಬುಕ್ಕನ್ನು ನಿಧಾನವಾಗಿ ತಮ್ಮ ಕಡೆ ಎಳೆದುಕೊಂಡು ಮುಚ್ಚಿದರು.

“ಮೇಷ್ಟ್ರೇ, ಪಾಪ, ಇಲಾಖೆಯವರೂ ಮನುಷ್ಯರೇ ಅಲ್ವಾ? ಇರುವ ಕೆಲಸವೇ ಜಾಸ್ತಿ ಅವರಿಗೆ. ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ. ಜಯಕ್ಕಾ, ಇವತ್ತಿನ ಬಿಲ್ಲು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.”