ಸಹಾಯ ಬೇಕು: ಪೆಡಲ್ ಸ್ಟೀಲ್‌ಗೆ ಯಾವ ವಾಲ್ಯೂಮ್ ಪೆಡಲ್?

ನನ್ನದು 10 ತಂತಿಯ ಪೆಡಲ್ ಸ್ಟೀಲ್ (ಅಡ್ಡಲಾಗಿಟ್ಟು ಕೂತು ನುಡಿಸುವ ಗಿಟಾರ್), ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ). ಅಲ್ಲಿಂದ ನೇರ 500ಕೆ (ಕಿಲೋ ಓಮ್) ಪಾಟ್, ಅಂದರೆ ಸದ್ದು ಏರಿಳಿಸುವ ರೆಸಿಸ್ಟರ್, ಇರುವ ವಾಲ್ಯೂಮ್ ಪೆಡಲ್, ಆಮೇಲೆ 6 ಮೀಟರ್ ಕೇಬಲ್, ಆಂಪ್.

ಕಾಲು ಸ್ವಲ್ಪ ಹಿಂದಕ್ಕೆ ತಂದರೆ ಸಾಕು, ಸ್ವರ ಮಂಕಾಗುತ್ತದೆ. ಪಾಟ್ ನಡುವಿನಲ್ಲಿರುವಾಗ ಔಟ್‌ಪುಟ್ ಇಂಪಿಡೆನ್ಸ್ (ಸಂಕೇತಕ್ಕೆ ಒಡ್ಡುವ ತಡೆ) 125ಕೆ ಆಸುಪಾಸಿಗೆ ಏರುತ್ತದೆ. ಆಗ ಟ್ರೆಬಲ್ಲನ್ನು (ಸ್ವರದ ತೀಕ್ಷ್ಣ ಅಂಶ) ಕೇಬಲ್‌ನ ಕೆಪಾಸಿಟೆನ್ಸ್ ನುಂಗುತ್ತದೆ. ಜೊತೆಗೆ ಕರಕರ ಸದ್ದು ಬೇರೆ. ಸಸ್ಟೇನ್‌ಗಾಗಿ (ಸ್ವರ ಹೆಚ್ಚು ಹೊತ್ತು ನಿಲ್ಲಲು) ಸದಾ ಅರ್ಧದಿಂದ ಮೇಲಕ್ಕೆ ಒತ್ತುವುದರಿಂದ ಪಾಟ್‌ನ ಕಾರ್ಬನ್ ಪಟ್ಟಿ ಅಲ್ಲೇ ಸವೆದಿದೆ. ಕ್ಲೀನರ್ ಸಿಂಪಡಿಸಿದರೆ ನಾಲ್ಕು ದಿನ ತೆಪ್ಪಗಿರುತ್ತದೆ, ಅಷ್ಟೇ.

ಪೆಡಲ್‌ಗಿಂತ ಮುಂಚೆ ಬಫರ್ (ಇಂಪಿಡೆನ್ಸ್ ತಗ್ಗಿಸುವ ಪುಟ್ಟ ಸರ್ಕ್ಯೂಟ್) ಇಟ್ಟು 25ಕೆ ಪಾಟ್ ಹಾಕಿಸಲೇ? ಮಂಕುತನ ಹೋದೀತು, ಸವೆತ ಮಾತ್ರ ತಪ್ಪದು. ಹಾಗಾಗಿ ಪಾಟೇ ಇಲ್ಲದ, ಬೆಳಕಿನ ಸೆನ್ಸರ್ ಇರುವ ಆ್ಯಕ್ಟಿವ್ ಪೆಡಲ್ ಕಡೆಗೇ ಮನಸ್ಸು ವಾಲುತ್ತಿದೆ.

ಅದನ್ನು ಬಳಸುವವರು ಹೇಳಿ: ಹಿಮ್ಮಡಿ ಪೂರ್ತಿ ಊರಿದಾಗ ಸದ್ದು ಸೊನ್ನೆಯಾಗುತ್ತದೆಯೇ? ಏರಿಕೆ ಆಡಿಯೋ ಟೇಪರ್‌ನಂತೆಯೇ (ಕಿವಿಗೆ ಸಮನಾಗಿ ಏರುವಂತೆ) ಇದೆಯೇ? ಎತ್ತರವನ್ನೂ ತಿಳಿಸಿ, ಪೆಡಲ್ ಎತ್ತರವಾದರೆ ಬಲಮಂಡಿ ನೀ ಲಿವರ್‌ಗೆ (ಮಂಡಿಯಿಂದ ತಳ್ಳಿ ತಂತಿಯ ಸ್ವರ ಬದಲಿಸುವ ಸನ್ನೆ) ತಾಗುತ್ತದೆ.