ಸಹಾಯ ಬೇಕು: ಫ್ಯಾನಿನ ಕಂಪನ ಮತ್ತು ಫೇಸ್ (phase) ರೀಡಿಂಗ್ ಕುರಿತು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ನಿರ್ವಹಣೆಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಇಲ್ಲಿನ ಧೂಳು ಹೀರುವ ಫ್ಯಾನನ್ನು ಕಪ್ಲಿಂಗ್ ಮೂಲಕ ನೇರವಾಗಿ ಮೋಟಾರಿಗೆ ಜೋಡಿಸಲಾಗಿದ್ದು, ಅದು 1480 ಆರ್‌ಪಿಎಂನಲ್ಲಿ ತಿರುಗುತ್ತದೆ. ಬೇರಿಂಗಿನ ಮೇಲೆ ಅಡ್ಡ ದಿಕ್ಕಿನಲ್ಲಿ ಸೆಕೆಂಡಿಗೆ 9 ಮಿ.ಮೀ. ಕಂಪನವಿದ್ದರೆ ಲಂಬ ದಿಕ್ಕಿನಲ್ಲಿ 2 ಮಾತ್ರ ಇದೆ. ಸ್ಪೆಕ್ಟ್ರಮ್‌ನಲ್ಲಿ (ಕಂಪನವನ್ನು ಆವರ್ತನವಾರು ಬಿಡಿಸಿ ತೋರಿಸುವ ನಕ್ಷೆ) ಎದ್ದು ಕಾಣುವುದು ತಿರುಗುವ ವೇಗದ ಪೀಕ್ ಒಂದೇ.

ರೆಕ್ಕೆಗಳಿಗೆ ಅಂಟಿದ್ದ ಧೂಳನ್ನು ಕೆರೆದು ತೆಗೆದು, ಡಯಲ್ ಗೇಜ್ ಇಟ್ಟು ಅಲೈನ್‌ಮೆಂಟ್ (ಮೋಟಾರ್ ಮತ್ತು ಫ್ಯಾನಿನ ಶಾಫ್ಟ್‌ಗಳು ಒಂದೇ ನೇರದಲ್ಲಿರುವುದು) ಸರಿಪಡಿಸಿದರೂ ಕಂಪನ ಇಳಿಯದ ಕಾರಣ, ಶಾಫ್ಟಿಗೆ ಹೊಳೆಯುವ ಟೇಪ್ ಅಂಟಿಸಿ ಫೇಸ್ (ಆ ಗುರುತಿಗೆ ಹೋಲಿಸಿದರೆ ಕಂಪನ ಯಾವ ಕೋನದಲ್ಲಿ ಗರಿಷ್ಠವಾಗುತ್ತದೆ ಎಂಬುದು) ಅಳೆದೆವು. ಕಪ್ಲಿಂಗಿನ ಎರಡೂ ಬದಿಯ ಅಕ್ಷೀಯ (ಶಾಫ್ಟಿನ ಉದ್ದದ ದಿಕ್ಕಿನ) ರೀಡಿಂಗ್‌ಗಳ ನಡುವೆ 175 ಡಿಗ್ರಿ ವ್ಯತ್ಯಾಸ ಬಂದಿತು. ಆದರೆ ಸೆನ್ಸರ್‌ಗಳು ಎದುರುಬದುರಾಗಿದ್ದುದರಿಂದ 180 ಡಿಗ್ರಿ ಸರಿಹೊಂದಿಸಿದರೆ ಎರಡೂ ಬಹುತೇಕ ಒಂದೇ ಫೇಸ್‌ನಲ್ಲಿವೆ. ಹಾಗಾಗಿ ಅಲೈನ್‌ಮೆಂಟಿನ ಮೇಲೆ ನನಗೆ ಸಂಶಯವಿಲ್ಲ.

ಗೊಂದಲವಿರುವುದು ಇಲ್ಲಿ. ಬರೀ ಅಸಮತೋಲನವಾಗಿದ್ದರೆ (ತಿರುಗುವ ಭಾಗದ ತೂಕ ಒಂದು ಕಡೆ ಹೆಚ್ಚಿದ್ದರೆ) ಅಡ್ಡ ಮತ್ತು ಲಂಬ ರೀಡಿಂಗ್‌ಗಳ ನಡುವೆ ಸುಮಾರು 90 ಡಿಗ್ರಿ ಇರಬೇಕು. ನಮಗೆ ಬರುತ್ತಿರುವುದು ಕೇವಲ 10, ಅದೂ ಅಲೆದಾಡದೆ ಸ್ಥಿರವಾಗಿ. ಇದು ಅನುರಣನವೋ (ರೆಸೊನೆನ್ಸ್, ಅಂದರೆ ತಿರುಗುವ ವೇಗ ರಚನೆಯ ಸಹಜ ಆವರ್ತನಕ್ಕೆ ಹತ್ತಿರವಾಗಿ ಕಂಪನ ಹಿಗ್ಗುವುದು) ಅಥವಾ ತಳದ ಸಡಿಲವೋ ಎಂಬುದನ್ನು ಫೇಸ್‌ನಿಂದಲೇ ಬೇರ್ಪಡಿಸಲು ಪೆಡೆಸ್ಟಲ್ (ಬೇರಿಂಗನ್ನು ಹೊತ್ತ ಪೀಠ), ಬೇಸ್‌ಪ್ಲೇಟ್ ಮತ್ತು ಕಾಂಕ್ರೀಟಿನಲ್ಲಿ ಎಲ್ಲೆಲ್ಲಿ ಅಳೆಯಬೇಕು? ಅದು ತಿಳಿಯುವ ಮೊದಲೇ ಬ್ಯಾಲೆನ್ಸಿಂಗ್ ತೂಕ ಹಾಕುವುದು ಸರಿಯೇ? ಅನುಭವಿಗಳು ದಯವಿಟ್ಟು ತಿಳಿಸಿ.